ಕಾರಣದ ಖಾನೆ

ಅಕ್ಟೋಬರ್ 3, ಮಂಗಳವಾರ

ದಿನಕ್ಕೆ ನಾಲ್ಕು ಸಾಲು ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ಚರ್ಚಿನವರು ಈ ಪುಸ್ತಕ ಕೊಟ್ಟು ಐದು ತಿಂಗಳಾಯಿತು. ಇವತ್ತು ತೆರೆದೆ.

ಏಳು ಗಂಟೆಗೆ ಶಾಲೆಗೆ ಹೋದೆ. ನಾನು ನೋಡಿಕೊಳ್ಳುವ ಲೈಬ್ರರಿಯ ಹಿಂದಿನ ಯಂತ್ರದ ಕೋಣೆಯ ಬೀಗ ತೆಗೆದು, ನನ್ನ ಗಂಡ ವೆಂಡೆಲ್‌ನ ಹೆಸರು, ವೆಂಡೆಲ್‌ನ ಪಾಸ್‌ವರ್ಡ್ ಹಾಕಿ ಕಂಪ್ಯೂಟರ್ ತೆರೆದೆ. ಆಂಟಿವೈರಸ್ ನಿನ್ನೆಯಿಂದ ಹಿಡಿದಿಟ್ಟ ಪುಟಗಳು ಹನ್ನೊಂದು. ಒಂಬತ್ತು ನಿಜವಾದ ಕಸ. ಎರಡು ಬಿಡಬಹುದಾದವು. ಬಿಟ್ಟೆ.

ಯಾವುದನ್ನು ತಡೆಯಬೇಕಾದರೂ ಬಿಡಬೇಕಾದರೂ ಕೆಳಗೆ ಒಂದು ಖಾನೆ ಬರುತ್ತದೆ: ಕಾರಣ. ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಬೇರೆ ಶಾಲೆಗಳಲ್ಲಿ ಒಂದು ಚುಕ್ಕಿ ಒತ್ತಿ ಮುಗಿಸುತ್ತಾರಂತೆ. ವೆಂಡೆಲ್ ಬರೆಯುತ್ತಾನೆ. ‘ವಿಜ್ಞಾನದ ಟೀಚರಿಗೆ ಕಪ್ಪೆಯ ವಿಡಿಯೊ ಬೇಕು. ಕಪ್ಪೆಯಿಂದ ಅಪಾಯವಿಲ್ಲ.’ ಹನ್ನೊಂದು ವರ್ಷದ ಕಾರಣಗಳು ಅಲ್ಲಿವೆ. ನಾನೂ ಬರೆಯುತ್ತೇನೆ. ಅವನಷ್ಟು ಚೆನ್ನಾಗಿ ಬರುವುದಿಲ್ಲ.

ನಾಲ್ಕು ಸಾಲು ದಾಟಿತು.

ಅಕ್ಟೋಬರ್ 5, ಗುರುವಾರ

ಜಿಲ್ಲಾ ಕಚೇರಿಯಿಂದ ಕಾಗದ ಬಂದಿದೆ. ಈಗಿರುವ ಆಂಟಿವೈರಸ್ ನವೆಂಬರ್ ಮೂವತ್ತಕ್ಕೆ ನಿಲ್ಲುತ್ತದೆ, ಅದರ ಕಂಪನಿಯೇ ಮುಚ್ಚುತ್ತಿದೆ. ಹೊಸದನ್ನು ಆರಿಸಿ ಹೇಳಬೇಕಂತೆ. ಮೂರರ ವಿವರ ಕಳಿಸಿದ್ದಾರೆ. ಒಂದು ನಮ್ಮ ಹಳೆಯ ಯಂತ್ರಗಳಲ್ಲಿ ಓಡುವುದೇ ಇಲ್ಲ. ಇನ್ನೊಂದು ದೂರದಲ್ಲೆಲ್ಲೋ ಕೂತು ತಾನೇ ಎಲ್ಲ ತೀರ್ಮಾನಿಸುತ್ತದೆ, ಯಾರನ್ನೂ ಏನೂ ಕೇಳುವುದಿಲ್ಲ. ಮೂರನೆಯದರಲ್ಲಿ ಒಬ್ಬೊಬ್ಬರಿಗೂ ಅವರದೇ ಹೆಸರಿನ ಖಾತೆ ಇರಬೇಕು, ಮಾಡಿದ್ದೆಲ್ಲ ಏಳು ವರ್ಷ ಉಳಿಯುತ್ತದೆ. ಆದರೆ ಹಳೆಯದರಲ್ಲಿದ್ದದ್ದು ಯಾವುದಕ್ಕೂ ಹೋಗುವುದಿಲ್ಲ.

ಕಪ್ಪೆಯೂ ಹೋಗುವುದಿಲ್ಲ ಎಂದಾಯಿತು.

ಶಾಲೆಯ ಅಡುಗೆಮನೆಯ ಆರ್ಲಿಸ್ ಮಧ್ಯಾಹ್ನ ಬಂದು ಮೇಜಿನ ಮೇಲೆ ಕುಳಿತಳು. ಮೂವತ್ತು ವರ್ಷದಿಂದ ಈ ಊರಿನ ಮಕ್ಕಳಿಗೆ ಬಡಿಸುತ್ತ ಬಂದವಳು, ಯಾರ ಮುಲಾಜೂ ಇಲ್ಲದೆ ಮಾತಾಡುವವಳು.

“ಡೊರೀನ್, ನನ್ನ ನೀಲಿ ಪಾತ್ರೆ ಯಾವಾಗ ಕೊಡ್ತೀಯೇ?”

“ಕೊಡ್ತೀನಿ.”

“ಕ್ರಿಸ್ಮಸ್ಸಿಗೆ ಮೊಮ್ಮಕ್ಕಳು ಬರ್ತಾರೆ. ಅವಕ್ಕೆ ಆ ಪಾತ್ರೇಲಿ ಮಾಡಿದ್ದೇ ಆಗ್ಬೇಕು, ರುಚಿ ತಳದಲ್ಲೇ ಅಂಟ್ಕೊಂಡಿದೆಯಂತೆ.”

ಮೇ ತಿಂಗಳಲ್ಲಿ, ಸಾವಿನ ಮನೆಗೆಂದು ಊರವರು ಊಟ ತುಂಬಿ ತಂದ ಪಾತ್ರೆಗಳು ಹದಿನಾಲ್ಕು. ಆಲೂಗಡ್ಡೆ, ನೂಡಲ್ಸ್, ಕೋಳಿ, ಮತ್ತೆ ಆಲೂಗಡ್ಡೆ. ಪ್ರತಿಯೊಂದರ ತಳದಲ್ಲೂ ಪಟ್ಟಿ ಅಂಟಿಸಿ ಹೆಸರು ಬರೆದಿದ್ದಾರೆ, ತೊಳೆದು ಹಿಂದಿರುಗಿಸಲಿ ಎಂದು. ತೊಳೆದಿದ್ದೇನೆ. ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೇನೆ. ಕೊಟ್ಟರೆ ಅವರು ಒಳಗೆ ಕರೆಯುತ್ತಾರೆ, ಕಾಫಿ ಕೊಡುತ್ತಾರೆ, ಹೇಗಿದ್ದೀಯ ಎನ್ನುತ್ತಾರೆ.

ಅಕ್ಟೋಬರ್ 12, ಗುರುವಾರ

ಮರಿಸೆಲ್ ಓಚೋವಾ ಲೈಬ್ರರಿಗೆ ಬಂದಿದ್ದಳು. ಕೊನೆಯ ವರ್ಷದ ಹುಡುಗಿ, ಶಾಲೆಯ ಪತ್ರಿಕೆಯ ಸಂಪಾದಕಿ. ಅವಳ ತಾಯಿ ಟರ್ಕಿ ಕೋಳಿ ಕಾರ್ಖಾನೆಯಲ್ಲಿ ಮೊದಲ ಪಾಳಿ. ಮರಿಸೆಲ್ ಯಾವಾಗಲೂ ಒಂದು ಸ್ಟಾಪ್‌ವಾಚ್ ಗಡಿಯಾರ ಕೊರಳಿಗೆ ಹಾಕಿಕೊಂಡಿರುತ್ತಾಳೆ, ಓಟದ ತಂಡದ್ದು.

ಹೊಗೆ ಸೇದುತ್ತಾರೆಂದು ಹೆಣ್ಣುಮಕ್ಕಳ ಶೌಚಾಲಯ ಮೂರರಲ್ಲಿ ಎರಡಕ್ಕೆ ಆಗಸ್ಟಿನಿಂದ ಬೀಗ. ತರಗತಿಗಳ ನಡುವೆ ಬಿಡುವು ನಾಲ್ಕು ನಿಮಿಷ. ಮರಿಸೆಲ್ ಒಂಬತ್ತು ದಿನ ಸಾಲಿನಲ್ಲಿ ನಿಂತು ಅಳೆದಿದ್ದಾಳೆ. ಸರಾಸರಿ ಹನ್ನೊಂದು ನಿಮಿಷ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ಹೋದವಳು ಮೂರು ದಿನ ಬರಲಿಲ್ಲ. ಅವಳ ಹೆಸರು ಹಾಕದೆ ಮರಿಸೆಲ್ ಇದನ್ನೂ ಲೇಖನದಲ್ಲಿ ಬರೆದಿದ್ದಳು. ಪ್ರಿನ್ಸಿಪಾಲ್ ಹಾಕನ್ಸನ್ ಪತ್ರಿಕೆಯಿಂದ ತೆಗೆಸಿದರು. ಆ ಜಾಗದಲ್ಲಿ ಕುಂಬಳಕಾಯಿ ಸ್ಪರ್ಧೆಯ ಫೋಟೊ ಬಂತು.

“ಬೇಜಾರಾಯ್ತಾ?” ಎಂದೆ.

“ಕುಂಬಳಕಾಯಿ ಚೆನ್ನಾಗೇ ಇದೆ, ಮಿಸೆಸ್ ಬ್ರಾಂಡ್‌ವೋಲ್ಡ್. ಹನ್ನೊಂದು ನಿಮಿಷ ಸಾಲಲ್ಲಿ ನಿಂತ್ಕೊಂಡು ನೋಡ್ಬಹುದು.”

ನಗು ಬಂತು. ಬಹಳ ದಿನದ ಮೇಲೆ.

“ಶಾಲೆ ಪತ್ರಿಕೆ ಅವರದು, ಬೇಡ ಅನ್ನೋ ಹಕ್ಕಿದೆ,” ಎಂದಳು. “ನಮ್ಮನೆ ಅಡುಗೆ ಮೇಜಿನ ಮೇಲೆ ಕೂತು ಇಂಟರ್ನೆಟ್ಟಲ್ಲಿ ನನ್ನದೇ ಪುಟದಲ್ಲಿ ಹಾಕಿದ್ರೆ ಅದು ನನ್ನದು. ಸರ್ಕಾರಿ ಶಾಲೆ ಮಕ್ಕಳಿಗೂ ಬಾಯಿದೆ ಅಂತ ಒಂಬತ್ತನೇ ಕ್ಲಾಸಲ್ಲಿ ಸಂವಿಧಾನ ಪಾಠ ಮಾಡಿದ್ದು ಯಾರು ಹೇಳಿ? ಮಿಸ್ಟರ್ ಹಾಕನ್ಸನ್ನೇ. ನಂಗೆ ಆ ಪರೀಕ್ಷೇಲಿ ನೂರಕ್ಕೆ ತೊಂಬತ್ತೆಂಟು ಕೊಟ್ಟಿದ್ರು.”

ಅಕ್ಟೋಬರ್ 17, ಮಂಗಳವಾರ

ಹಾಕನ್ಸನ್ ಯಂತ್ರದ ಕೋಣೆಗೆ ಬಂದರು. ಅಲ್ಲಿಗೆ ಬರುವವರಲ್ಲ. ಬಾಗಿಲು ಮುಂದೆ ಮಾಡಿದರು.

“ಡೊರೀನ್, ಆ ಹುಡುಗಿಯ ಪುಟ ನೋಡಿದ್ರಾ?”

“ಇಲ್ಲ.” ನೋಡಿದ್ದೆ.

“ಇಡೀ ಶಾಲೆ ಓದ್ತಾ ಕೂತಿದೆ. ಅದನ್ನ ಅಪಾಯದ ಪಟ್ಟಿಗೆ ಹಾಕ್ಬಿಡಿ.”

“ಅದರಲ್ಲಿ ವೈರಸ್ ಇಲ್ವಲ್ಲ.”

“ನಿಷೇಧ ಅಂತ ಹಾಕಿದ್ರೆ ನಾಳೆ ವಕೀಲರು ಬರ್ತಾರೆ, ಭಾಷಣದ ಹಕ್ಕು ಅಂತಾರೆ. ವೈರಸ್ ಅಂದ್ರೆ ಯಾರೂ ಕೇಳಲ್ಲ. ಎರಡು ವಾರ. ಅಷ್ಟರಲ್ಲಿ ತಣ್ಣಗಾಗುತ್ತೆ.” ಆಮೇಲೆ ದನಿ ಇಳಿಸಿ, “ನಿಮಗೂ ಈ ವರ್ಷ ಸಾಕಾಗಿದೆ. ನಂಗೂ ಅಷ್ಟೆ,” ಎಂದರು. ಅದು ಸುಳ್ಳಲ್ಲ. ಅವರ ಕಣ್ಣ ಕೆಳಗೂ ಕಪ್ಪಾಗಿತ್ತು.

ಎರಡು ನಲವತ್ತಕ್ಕೆ ಹಾಕಿದೆ. ಕಾರಣದ ಖಾನೆ ಬಂತು. ‘ಮಿಸ್ಟರ್ ಹಾಕನ್ಸನ್ ಹೇಳಿದರು’ ಎಂದು ಬರೆದೆ. ಬೇರೇನೂ ತೋಚಲಿಲ್ಲ. ಪಕ್ಕದಲ್ಲಿ ಎಂದಿನಂತೆ ತಾನೇ ಹೆಸರು ಬಿತ್ತು: ವೆಂಡೆಲ್ ಬ್ರಾಂಡ್‌ವೋಲ್ಡ್.

ಅಕ್ಟೋಬರ್ 18, ಬುಧವಾರ

ಸುಸ್ತು. ಬ್ರೆಡ್ ತಿಂದೆ.

ಅಕ್ಟೋಬರ್ 24, ಮಂಗಳವಾರ

ಆ ಪುಟ ತೆರೆದರೆ ಈಗ ಕೆಂಪು ಪರದೆ, ಬಿಳಿ ಗುರಾಣಿ. ‘ಈ ಜಾಗ ನಿಮ್ಮ ಯಂತ್ರಕ್ಕೆ ಹಾನಿ ಮಾಡುತ್ತದೆ.’ ಮಕ್ಕಳು ಮರಿಸೆಲ್‌ಗೆ ವೈರಸ್ ಎಂದು ಹೆಸರಿಟ್ಟಿದ್ದಾರೆ. ಊಟದ ಸಾಲಿನಲ್ಲಿ ಅವಳು ಮುಟ್ಟಿದ ಚಮಚವನ್ನು ಒಬ್ಬಳು ಕರವಸ್ತ್ರದಿಂದ ಹಿಡಿದು ತೆಗೆದಳಂತೆ.

“ಆ ಕರವಸ್ತ್ರದವಳಿಗೆ ಇವತ್ತು ಬರೀ ಬೀನ್ಸ್ ಬಡಿಸಿದೆ,” ಎಂದಳು ಆರ್ಲಿಸ್. “ಮಾಂಸ ಖಾಲಿ ಅಂದೆ. ನನ್ನ ಹಿಂದೆ ಮಾಂಸ ತುಂಬಿದ ತಟ್ಟೆ ಕಾಣಿಸ್ತಾ ಇತ್ತು. ಕಾಣ್ಲಿ.”

ನಾನು ಪುಸ್ತಕಗಳನ್ನು ಕಪಾಟಿಗೆ ಜೋಡಿಸಿದೆ.

ಅಕ್ಟೋಬರ್ 30, ಸೋಮವಾರ

ಟೈಪಿಂಗ್ ಕೋಣೆಯ ಆರನೆಯ ಕಂಪ್ಯೂಟರ್ ಸತ್ತಿತು. ಹದಿನಾಲ್ಕು ವರ್ಷ ಹಳೆಯದು, ಒಳಗಿನ ಹಾರ್ಡ್ ಡಿಸ್ಕ್ ಸವೆದಿತ್ತು, ಕಳೆದ ಚಳಿಗಾಲದಿಂದಲೇ ಕಿರುಗುಡುತ್ತಿತ್ತು. ಮರಿಸೆಲ್ ಶುಕ್ರವಾರದ ತರಗತಿಯಲ್ಲಿ ಅದರಲ್ಲೇ ಕುಳಿತಿದ್ದಳು ಎಂದು ಯಾರೋ ಹೇಳಿದರು. ಸಂಜೆಯೊಳಗೆ ಅವಳ ಮನೆಗೆ ಪತ್ರ ಹೋಯಿತು. ಶಾಲೆಯ ಯಂತ್ರಗಳಿಗೆ ವೈರಸ್ ಹರಡಿದ ಆರೋಪ. ನವೆಂಬರ್ ಹದಿಮೂರಕ್ಕೆ ಶಾಲಾ ಮಂಡಳಿಯ ಮುಂದೆ ವಿಚಾರಣೆ. ಸಾಬೀತಾದರೆ ಹತ್ತು ದಿನ ಹೊರಗೆ, ಸಂಪಾದಕಿ ಸ್ಥಾನ ಹೋಗುತ್ತದೆ, ದಾಖಲೆಯಲ್ಲಿ ಬರೆಯುತ್ತಾರೆ. ಅವಳು ಅರ್ಜಿ ಹಾಕಿರುವ ಕಾಲೇಜುಗಳು ಆ ದಾಖಲೆ ನೋಡುತ್ತವೆ.

ಹಾಕನ್ಸನ್ ಇದನ್ನು ಬಯಸಿರಲಿಲ್ಲ ಎಂದುಕೊಳ್ಳುತ್ತೇನೆ. ಕೆಂಪು ಪರದೆಯನ್ನು ಉಳಿದವರೂ ನಂಬಿದರು. ವಿಚಾರಣೆ ಬೇಡ ಎನ್ನಬೇಕಾದರೆ ಆ ಪರದೆ ಸುಳ್ಳೆಂದು ಹೇಳಬೇಕಿತ್ತು. ಅವರು ಹೇಳಲಿಲ್ಲ. ನಾನೂ.

ನವೆಂಬರ್ 2, ಗುರುವಾರ

ಮರಿಸೆಲ್ ಲೈಬ್ರರಿಯ ಮೇಜಿನ ಮುಂದೆ ನಿಂತಳು. ಕೊರಳಲ್ಲಿ ಗಡಿಯಾರ ಇರಲಿಲ್ಲ.

“ಮಿಸೆಸ್ ಬ್ರಾಂಡ್‌ವೋಲ್ಡ್, ನನ್ನ ಪುಟದಲ್ಲಿ ನಿಜವಾಗ್ಲೂ ವೈರಸ್ ಇದೆಯಾ? ನಂಗೇ ಗೊತ್ತಿಲ್ದೆ ಬಂದಿರ್ಬಹುದಾ?”

“ನೋಡ್ಬೇಕು,” ಎಂದೆ.

“ನೋಡಿ ಹೇಳ್ತೀರಾ? ನಾನು ಮೂರು ಸಲ ಅಳಿಸಿ ಮತ್ತೆ ಬರೆದೆ. ಆದ್ರೂ ಕೆಂಪೇ ಬರುತ್ತೆ.”

ಮೂರು ಸಲ.

ನವೆಂಬರ್ 6, ಸೋಮವಾರ

ಪಾಳಿ ಮುಗಿಸಿ ಅವಳ ತಾಯಿ ಬಂದಿದ್ದರು, ಕೂದಲಿಗೆ ಕಟ್ಟುವ ಬಲೆ ಇನ್ನೂ ತಲೆಯ ಮೇಲಿತ್ತು. ಎಲಿಡಿಯಾ ಎಂದು ಹೆಸರು. ತಾಯಿಯ ಸ್ಪ್ಯಾನಿಷನ್ನು ಮಗಳು ನಮ್ಮ ಭಾಷೆಯಲ್ಲಿ ಹೇಳುತ್ತಿದ್ದಳು, ಮುಖ ಗೋಡೆಯ ಕಡೆ ಮಾಡಿಕೊಂಡು.

“ಅಮ್ಮ ಕೇಳ್ತಾ ಇದಾಳೆ, ಇದು ಮನೆಯಿಂದ ಬಂತಾ ಅಂತ.”

“ಏನು?”

“ರೋಗ. ಯಂತ್ರದ್ದು. ತಂಗಿ ಮುಟ್ಟಬಾರದು ಅಂತ ನಮ್ಮ ಕಂಪ್ಯೂಟರನ್ನ ಕಸದ ಚೀಲದಲ್ಲಿ ಹಾಕಿ, ಎರಡು ಗಂಟು ಕಟ್ಟಿ ಗ್ಯಾರೇಜಲ್ಲಿ ಇಟ್ಟಿದಾಳೆ. ನಾನು ಹಾಗಲ್ಲ ಅಂತ ಹೇಳ್ದೆ. ಶಾಲೆಯವರು ಸುಳ್ಳು ಹೇಳ್ತಾರಾ ಅಂತಾಳೆ.”

ತಾಯಿ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಮಗಳ ಸಹಾಯವಿಲ್ಲದೆ, ಒಂದೊಂದೇ ಪದ ಎತ್ತಿಟ್ಟ ಹಾಗೆ ಹೇಳಿದರು: “ನೀವು ತೋರ್ಸಿ. ನಾವು ತೊಳೀತೀವಿ.”

ಮನೆಗೆ ಬಂದು ಕೋಟು ತೆಗೆಯದೆ ಕುಳಿತಿದ್ದೆ. ಮೇಜಿನ ತುಂಬ ತೊಳೆದ ಪಾತ್ರೆಗಳು.

ನವೆಂಬರ್ 8, ಬುಧವಾರ

ಹಾಕನ್ಸನ್ ಬಳಿ ಹೋಗಿ ಆ ಪುಟ ಬಿಡುತ್ತೇನೆ ಎಂದೆ. ಏನು ದಾಖಲಾಗಿದೆ ತೋರಿಸಿ ಎಂದರು. ತೋರಿಸಿದೆ. ಬಹಳ ಹೊತ್ತು ಓದಿದರು, ಇದ್ದದ್ದು ಒಂದೇ ಸಾಲು.

“ಇದನ್ನ ಯಾಕೆ ಬರೆದ್ರಿ?”

“ಖಾನೆ ಖಾಲಿ ಬಿಡೋಕಾಗಲ್ಲ.”

“ತಿದ್ದಬಹುದಾ?”

“ಇಲ್ಲ.”

ಆಮೇಲೆ ಅವರ ಕಣ್ಣು ಪಕ್ಕದ ಹೆಸರಿನ ಮೇಲೆ ಬಿತ್ತು. “ಇದು ವೆಂಡೆಲ್ ಖಾತೆ.”

“ಹೌದು.”

“ಮೇ ತಿಂಗಳಿಂದ ಇದರಲ್ಲೇ ಮಾಡ್ತಿದೀರಾ?”

“ಹೌದು.”

ಜಿಲ್ಲೆಯವರು ನನಗೆ ಖಾತೆ ಕೊಡುತ್ತೇವೆ ಎಂದಿದ್ದರು. ಜೂನ್‌ನಲ್ಲಿ ಅರ್ಜಿ ಬಂತು. ಹಳೆಯ ಖಾತೆ ಮುಚ್ಚಬೇಕು ಎಂದು ಕೆಳಗಿತ್ತು. ಅರ್ಜಿಯನ್ನು ಡ್ರಾಯರಿನಲ್ಲಿ ಹಾಕಿದೆ. ಬೆಳಿಗ್ಗೆ ಅವನ ಹೆಸರು ಒತ್ತಿದರೆ ‘ಸ್ವಾಗತ, ವೆಂಡೆಲ್’ ಎಂದು ಬರುತ್ತದೆ. ಅದನ್ನು ಹೇಗೆ ಮುಚ್ಚುವುದು.

ಹಾಕನ್ಸನ್ ಕುರ್ಚಿಗೆ ಒರಗಿದರು. ಬೆದರಿಸುವ ದನಿಯಲ್ಲ, ಬುದ್ಧಿ ಹೇಳುವ ದನಿ. “ನೋಡಿ, ಸತ್ತವನ ಖಾತೆ ಬಳಸೋದು ಕೆಲಸ ಕಳ್ಕೊಳ್ಳೋ ವಿಷಯ. ಸತ್ತವನು ಬರೆದ ಕಾರಣ ಯಾರೂ ನಂಬಲ್ಲ. ಹಳೇ ಖಾತೆ, ಏನೋ ತಾನಾಗೇ ಆಯ್ತು ಅಂತೀವಿ. ಮೂವತ್ತಕ್ಕೆ ಎಲ್ಲ ಅಳಿಸಿ ಹೋಗುತ್ತೆ. ಆ ಎರಡನೇ ಆಂಟಿವೈರಸ್ ಇದೆಯಲ್ಲ, ಏನೂ ಕೇಳೋದಿಲ್ಲ ಅಂತೀರಲ್ಲ, ಅದನ್ನೇ ಆರಿಸಿ. ನಿಮಗೂ ನೆಮ್ಮದಿ.”

“ಮರಿಸೆಲ್?”

“ಹತ್ತು ದಿನ. ಬುದ್ಧಿವಂತೆ, ಎಲ್ಲಾದ್ರೂ ಸೀಟು ಸಿಗುತ್ತೆ. ವೆಂಡೆಲ್ ಹೆಸರನ್ನ ಮಂಡಳಿ ಮುಂದೆ ಎಳೀಬೇಡಿ, ಡೊರೀನ್. ಒಳ್ಳೆ ಮನುಷ್ಯ ಅವನು.”

ನವೆಂಬರ್ 9, ಗುರುವಾರ

ಊಟದ ಬಿಡುವಿನಲ್ಲಿ ಯಂತ್ರದ ಕೋಣೆಯಲ್ಲಿ ಕುಳಿತು ವೆಂಡೆಲ್‌ನ ಕಾರಣಗಳನ್ನು ಹಿಂದಿನಿಂದ ಓದಿದೆ. ಅವನು ಒಮ್ಮೆಯಾದರೂ ಯಾರಿಗಾದರೂ ಇಲ್ಲ ಎಂದಿರುತ್ತಾನೆ, ಅದು ಸಿಕ್ಕರೆ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ.

‘ಬ್ಯಾಂಡ್ ಮಾಸ್ತರರ ಟ್ರಂಬೋನ್ ಪುಟ. ಸದ್ದೇ ಅಪಾಯ, ಪುಟವಲ್ಲ.’ ‘ಚೀಸ್ ಮಾಡುವ ವಿಧಾನ. ಯಾಕೆ ತಡೆದೆಯೋ ಮಾರಾಯ.’ ಇದು ಆಂಟಿವೈರಸ್‌ಗೆ ಹೇಳಿದ್ದು. ‘ಆಟಗಳು. ನಾನೂ ಹತ್ತು ನಿಮಿಷ ಆಡಿದೆ. ತಡೆಯುತ್ತೇನೆ.’

ಇಲ್ಲ ಎಂದದ್ದು ಸಿಗಲಿಲ್ಲ. ಸಿಕ್ಕಿದ್ದು ಇದು. ಆರು ವರ್ಷದ ಹಿಂದೆ ಮಾರ್ಚ್ ಏಳು, ಯಾರೋ ವಿದ್ಯಾರ್ಥಿಯ ಪುಟ, ಆಗ ಬೇರೆ ಪ್ರಿನ್ಸಿಪಾಲ್ ಇದ್ದರು: ‘ತಡೆ ಅಂದರು, ತಡೆದೆ. ಸರಿಯಲ್ಲ.’ ಮಾರ್ಚ್ ಹತ್ತು, ಅದೇ ಪುಟ, ಬಿಟ್ಟದ್ದು: ‘ನಿದ್ದೆ ಬರಲಿಲ್ಲ.’

ಆ ಮೂರು ದಿನ ನಾನು ಅವನ ಪಕ್ಕದಲ್ಲೇ ಮಲಗಿದ್ದೆ. ನನಗೆ ಗೊತ್ತೇ ಆಗಲಿಲ್ಲ. ಒಂದು ಮಾತು ಹೇಳಬಹುದಿತ್ತು. ಹೇಳುವವನಲ್ಲ ಅವನು. ನಾನೂ ಕೇಳುವವಳಲ್ಲ. ಇಬ್ಬರೂ ಸೇರಿ ಎಷ್ಟು ಮಾತು ಉಳಿಸಿದೆವು, ಯಾರಿಗಾಗಿ ಉಳಿಸಿದೆವು.

ಸಿಟ್ಟು ಬಂತು ಅವನ ಮೇಲೆ. ಮೇ ತಿಂಗಳಿಂದ ಮೊದಲ ಸಲ. ಸಂಜೆ ಆರ್ಲಿಸ್‌ಳ ನೀಲಿ ಪಾತ್ರೆ ಕೊಟ್ಟು ಬಂದೆ. ಒಳಗೆ ಕರೆದಳು. ಹೋದೆ.

ನವೆಂಬರ್ 13, ಸೋಮವಾರ

ಮಂಡಳಿ ಸಂಜೆ ಆರಕ್ಕೆ ಲೈಬ್ರರಿಯಲ್ಲೇ ಸೇರಿತು. ಐದು ಜನ, ನಾನು ದಿನಾ ಒರೆಸುವ ಮೇಜುಗಳ ಹಿಂದೆ. ಸಾರ್ವಜನಿಕರು ಮಾತಾಡಬೇಕಾದರೆ ಒಂದು ಹಾಳೆಯಲ್ಲಿ ಹೆಸರು ಬರೆಯಬೇಕು. ಬರೆದೆ. ಡೊರೀನ್ ಎಂದು ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ಕರೆದರು. ಎದ್ದು ನಿಂತೆ. ಹೇಳಬೇಕೆಂದುಕೊಂಡದ್ದು ಒಂದೂ ನೆನಪಾಗಲಿಲ್ಲ.

“ಆ ಪುಟದಲ್ಲಿ ವೈರಸ್ ಇಲ್ಲ,” ಎಂದೆ. “ಯಾವತ್ತೂ ಇರಲಿಲ್ಲ. ವೈರಸ್ ಅಂತ ಹಾಕಿದ್ದು ನಾನು.”

ಅಧ್ಯಕ್ಷೆ ಬೀಜದಂಗಡಿಯ ಕ್ಯಾರಲ್ ನೈಸ್ಟ್ರಂ. ಕನ್ನಡಕ ಕೆಳಗೆ ಜಾರಿಸಿದರು. “ಯಾಕೆ?”

“ಮಿಸ್ಟರ್ ಹಾಕನ್ಸನ್ ಹೇಳಿದ್ರು. ಹೇಳಿದ್ದು ಅವರು. ಹಾಕಿದ ಕೈ ನಂದು.”

ಅಚ್ಚು ಹಾಕಿ ತಂದಿದ್ದ ಹಾಳೆ ಕೊಟ್ಟೆ. ಓದಿದರು. “ಇಲ್ಲಿ ವೆಂಡೆಲ್ ಅಂತಿದೆಯಲ್ಲ. ಅಕ್ಟೋಬರ್ ಹದಿನೇಳು. ವೆಂಡೆಲ್ ಮೇ ತಿಂಗಳಲ್ಲೇ…” ಎಂದು ನಿಲ್ಲಿಸಿದರು.

“ಹೌದು. ಖಾತೆ ಅವನದು. ಮುಚ್ಚೋಕೆ ಮನಸ್ಸು ಬರಲಿಲ್ಲ. ಆರು ತಿಂಗಳಿಂದ ಅವನ ಹೆಸರಲ್ಲಿ ಎಲ್ಲ ಮಾಡಿದ್ದು ನಾನೇ. ಅವನಾಗಿದ್ರೆ ಮೂರು ದಿನದಲ್ಲಿ ತೆಗೀತಿದ್ದ. ನಾನು ನಾಲ್ಕು ವಾರ ತಗೊಂಡೆ.” ಆಮೇಲೆ ನೆನಪಾಯಿತು. “ಆ ಆರನೇ ಯಂತ್ರ ಮುದಿಯಾಗಿ ಸತ್ತಿದ್ದು. ಅದಕ್ಕೆ ವಿಚಾರಣೆ ಬೇಡ.”

ಹಿಂದೆ ಆರ್ಲಿಸ್ ಕೆಮ್ಮಿದಳು. ಅದು ನಗುವೇ.

ಕ್ಯಾರಲ್ ಹಾಕನ್ಸನ್ ಕಡೆ ತಿರುಗಿದರು. “ಡೇಲ್, ನೀನು ಹೇಳಿದ್ಯಾ?”

ಅವರು ಮೇಜಿನ ಮೇಲಿನ ಕಲೆ ನೋಡುತ್ತಿದ್ದರು. “ಹೇಳ್ದೆ,” ಎಂದರು. ಅಷ್ಟು ಬೇಗ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. ಅವರಿಗೂ ಸಾಕಾಗಿತ್ತು.

ಆರೋಪ ಬಿಟ್ಟರು. ಮರಿಸೆಲ್ ನನ್ನ ಕಡೆ ನೋಡಲಿಲ್ಲ. ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಒತ್ತುವುದು, ನಿಲ್ಲಿಸುವುದು, ಒತ್ತುವುದು.

ನವೆಂಬರ್ 15, ಬುಧವಾರ

ಲಿಖಿತ ಎಚ್ಚರಿಕೆ ಬಂತು, ಮೂರು ಪ್ಯಾರಾ. ಕೆಲಸ ಉಳಿಯಿತು, ಅದನ್ನು ಮಾಡಲು ಬೇರೆ ಯಾರೂ ಇಲ್ಲ. ಹಾಕನ್ಸನ್‌ಗೂ ಒಂದು ಪತ್ರ ಹೋಗಿದೆಯಂತೆ. ಡ್ರಾಯರಿನಿಂದ ಜೂನ್‌ನ ಅರ್ಜಿ ತೆಗೆದು ಸಹಿ ಹಾಕಿದೆ. ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಖಾತೆ ಬಂತು. ಹಳೆಯದನ್ನು ಮೂವತ್ತರೊಳಗೆ ಮುಚ್ಚಿದರೆ ಸಾಕು ಎಂದರು. ಮೊದಲ ಕೆಲಸ, ಆ ಪುಟ ಬಿಟ್ಟೆ. ಕಾರಣ: ‘ಇದರಲ್ಲಿರುವುದು ನಿಜ. ತಡೆದದ್ದು ನನ್ನ ತಪ್ಪು.’

ಒಂದು ಶೌಚಾಲಯದ ಬೀಗ ತೆಗೆದಿದ್ದಾರೆ. ಇನ್ನೊಂದಕ್ಕೆ ಸಮಿತಿ ಮಾಡಿದ್ದಾರೆ.

ಮರಿಸೆಲ್ ಪುಸ್ತಕ ಹಿಂದಿರುಗಿಸಲು ಬಂದಳು. “ನಾನು ಕೇಳಿದಾಗ ಯಾಕೆ ಹೇಳಲಿಲ್ಲ?”

“ಹೆದರಿದ್ದೆ.”

ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು. “ನನ್ನ ಮುಂದಿನ ಲೇಖನದಲ್ಲಿ ಇದು ಬರುತ್ತೆ. ನಿಮ್ಮ ಹೆಸರೂ.”

“ಹಾಕು.”

“ಕೆಟ್ಟದಾಗಿ ಬರುತ್ತೆ.”

“ಇದ್ದದ್ದು ಹಾಕು.”

ನವೆಂಬರ್ 22, ಬುಧವಾರ

ನಾಳೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಉಳಿದ ಹದಿಮೂರು ಪಾತ್ರೆಗಳಲ್ಲಿ ಒಂಬತ್ತು ಕೊಟ್ಟಾಯಿತು. ಒಂದರ ತಳದ ಪಟ್ಟಿಯಲ್ಲಿ ತೊಳೆದೂ ತೊಳೆದೂ ಹೆಸರು ಅಳಿಸಿಹೋಗಿದೆ, ಅದು ಯಾರದೋ.

ಎಲಿಡಿಯಾ ಮನೆಬಾಗಿಲಿಗೆ ಬಂದರು, ಮಗಳಿಲ್ಲದೆ. ಟವೆಲಿನಲ್ಲಿ ಸುತ್ತಿದ ತಮಾಲೆಗಳು, ಜೋಳದ ಹಿಟ್ಟಿನ ಕಡುಬು, ಇನ್ನೂ ಬಿಸಿ.

“ಕಂಪ್ಯೂಟರ್ ಒಳಗೆ ತಂದೆ,” ಎಂದರು. ಆಮೇಲೆ, “ನಿಮ್ಮ ಮೇಲೆ ಸಿಟ್ಟು ಇದೆ ನಂಗೆ.”

“ಇರ್ಲಿ.”

“ಇರುತ್ತೆ. ತಿನ್ನಿ. ಆರುತ್ತೆ.”

ಹೆಸರಿಲ್ಲದ ಪಾತ್ರೆಯಲ್ಲಿ ಸೇಬಿನ ತುಂಡುಗಳನ್ನು ಸಕ್ಕರೆ ಹಾಕಿ ಬೇಯಿಸಿದ್ದೆ, ಒಬ್ಬಳಿಗೆ ಹೆಚ್ಚಾಗಿತ್ತು. ಪಾತ್ರೆ ಸಮೇತ ಕೊಟ್ಟೆ.

ನವೆಂಬರ್ 30, ಗುರುವಾರ

ಮೂರು ಆಂಟಿವೈರಸ್‌ಗಳಲ್ಲಿ ಮೂರನೆಯದನ್ನೇ ಆರಿಸಿ ಕಳಿಸಿದ್ದೆ, ಹೆಸರು ಕೇಳುವುದನ್ನು. ಇವತ್ತು ಬದಲಾವಣೆ. ಹೊಸ ಕಂಪನಿಯ ಹೆಂಗಸು ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿಕೊಟ್ಟಳು.

“ಹಳೇದರಲ್ಲಿ ಎರಡು ಖಾತೆ ಕಾಣ್ತಿದೆ, ಮೇಡಂ. ಒಂದು ನಿಮ್ಮದು. ಇನ್ನೊಂದು ಬಳಕೇಲಿದೆಯಾ?”

“ಇಲ್ಲ.”

“ಹಾಗಾದ್ರೆ ಅದನ್ನ ನೀವೇ ತೆಗೀಬೇಕು. ಆಮೇಲೆ ಶುರು ಮಾಡೋಣ.”

ಹನ್ನೊಂದು ವರ್ಷದ ಕಾರಣಗಳನ್ನು ಅಚ್ಚು ಹಾಕಿದರೆ ನಾನೂರು ಪುಟ ಎಂದಿತು. ಒಂದು ಪುಟ ಹಾಕಿಸಿದೆ, ಕಪ್ಪೆ ಇದ್ದದ್ದು. ಅದರಲ್ಲಿ ಟ್ರಂಬೋನೂ ಇದ್ದಿದ್ದರೆ ಚೆನ್ನಾಗಿತ್ತು. ಇರಲಿಲ್ಲ.

ಅವನ ಹೆಸರಿನ ಪಕ್ಕ ತೆಗೆದುಹಾಕು ಎಂಬುದನ್ನು ಒತ್ತಿದೆ. ಖಾನೆ ಬಂತು. ಕಾರಣ.

“ಚುಕ್ಕಿ ಹಾಕಿ ಸಾಕು, ಮೇಡಂ,” ಎಂದಳು ಫೋನಿನವಳು. “ಎಲ್ಲರೂ ಹಾಗೇ ಮಾಡೋದು.”

“ಸ್ವಲ್ಪ ಇರಿ,” ಎಂದೆ. ಅವಳು ಕಾದಳು. ಹೊರಗೆ ಗಂಟೆ ಹೊಡೆದು ಮಕ್ಕಳು ಓಡಿದರು, ನಾಲ್ಕು ನಿಮಿಷ, ಮತ್ತೆ ಗಂಟೆ ಹೊಡೆಯಿತು.

ಬರೆದೆ: ‘ವೆಂಡೆಲ್ ಮೇ ಆರರಂದು ತೀರಿಕೊಂಡ.’

ಮುಂದೆ ಹೋಯಿತು.